ವಿಲಾಯತಿಗೆ ಹೋಗುವ ಮೊದಲು ಆಡಿದ ಮಾತು

ಎಂ.ಎ. ಓದುವಾಗ ವಿಲಾಯತಿಯ ದೊಡ್ಡ ವಿಶ್ವವಿದ್ಯಾಲಯವೊಂದರಲ್ಲಿ ಮುಂದಿನ ಓದಿಗೆ ನನಗೆ ಸೀಟು ಸಿಕ್ಕಿತು. ಮನೆಯವರು ಹಿಗ್ಗಿದರು, ನನಗೆ ಹೆದರಿಕೆಯಾಯಿತು. ಅಲ್ಲೇ ಓದಿ ಧಾರವಾಡಕ್ಕೆ ಮರಳಿ ನಮಗೆ ಪಾಠ ಹೇಳುತ್ತಿದ್ದ ಪ್ರಾಧ್ಯಾಪಕರನ್ನು ಕೇಳಿದೆ: "ಅಷ್ಟು ದೂರ ಹೋಗಿ ಓದಿದ್ರ ಏನರ ಉಪಯೋಗ ಐತೇನ್ರಿ, ಸರ್?"

"ಪುಸ್ತಕ ಇಲ್ಲೂ ಅದಾವ. ಅಲ್ಲಿ ಗುರುಗಳ ಜೋಡಿ ವಾದ ಮಾಡಬೇಕು. ಬಾಯಿ ತೆರೀದಿದ್ರ ಹೋಗೂದು ದಂಡ. ನೀ ಅಂತೂ ತಂಗಿ, ಹಾಜರಿ ಹೇಳಿದ್ದೂ ನನಗ ಕೇಳಸೂದಿಲ್ಲ," ಎಂದು ನಕ್ಕರು.

ಆ ಕಾಲದಲ್ಲಿ ನಾವು ಹುಡುಗಿಯರು ಪ್ರಾಧ್ಯಾಪಕರ ಬೆನ್ನಿಗೇ ತರಗತಿಯೊಳಗೆ ಹೋಗಿ, ಅವರ ಬೆನ್ನಿಗೇ ಹೊರಬರುತ್ತಿದ್ದೆವು. ನಡುವೆ ಮಾತಿರಲಿಲ್ಲ.

ಮರುದಿನ ಅವರ ಪಾಠದ ನಡುವೆ ಎದ್ದು ನಿಂತೆ. "ನೀವು ಈಗ ಹೇಳಿದ್ದು ನನಗ ಒಪ್ಪಿಗಿಲ್ರಿ, ಸರ್," ಎಂದೆ.

ಹುಡುಗರೆಲ್ಲ ನನ್ನತ್ತ ತಿರುಗಿದರು. ಪ್ರಾಧ್ಯಾಪಕರು ಪುಸ್ತಕ ಮುಚ್ಚಿ, "ಯಾಕವಾ? ಹೇಳು," ಎಂದರು. ಹೆದರುತ್ತಲೇ ಕಾರಣ ಹೇಳತೊಡಗಿದೆ.