ಕೂರಲೊಲ್ಲದವನ ಕಾಲು

ಟೀಚರಮ್ಮನಿಗೆ ಇಡೀ ತರಗತಿಯನ್ನು ಒಂದೇ ನೋಟದಲ್ಲಿ ಕೂರಿಸುವುದು ಗೊತ್ತಿತ್ತು. ಮನೆಯಲ್ಲಿದ್ದ ಗಂಡನೊಬ್ಬನನ್ನು ಕೂರಿಸುವುದು ಮಾತ್ರ ಅವಳ ಕೈಲಾಗಿರಲಿಲ್ಲ. ಆತ ಸಲೂನಿನವನು. ಬೆಳಿಗ್ಗೆ ಶಟರ್ ಎತ್ತಿದರೆ ಸಂಜೆ ಇಳಿಸುವ ತನಕ ನಿಂತೇ ಇರುವವನು. ಕೈಗೆ ಕತ್ತರಿ, ಬಾಯಿಗೆ ಬೀದಿಯ ಸುದ್ದಿ, ಎರಡಕ್ಕೂ ಬಿಡುವಿಲ್ಲ. ಗಿರಾಕಿಗಳು ಅವನಿಗೆ ಮಾತಿನಮಲ್ಲ ಎಂದೇ ಹೆಸರಿಟ್ಟಿದ್ದರು. ಸಕ್ಕರೆ ಕಾಯಿಲೆ ಅಂಟಿಕೊಂಡು ವರ್ಷಗಳೇ ಆಗಿದ್ದವು. ನೆನಪಾದ ದಿನ ಮಾತ್ರೆ ನುಂಗುತ್ತಿದ್ದ, ಮರೆತ ದಿನ "ಒಂದು ದಿನ ಬಿಟ್ರೆ ಏನೂ ಮುಳುಗೋಗಲ್ಲ ಬಿಡು" ಎನ್ನುತ್ತಿದ್ದ.

ಒಂದು ರಜೆಯ ಬೆಳಿಗ್ಗೆ ಅವಳು ಬಚ್ಚಲು ತೊಳೆಯಲು ಹೋದಾಗ ನೆಲದ ಮೇಲೆ ಕೆಂಪು ಕಲೆ ಕಂಡಿತು. ಒಂದಲ್ಲ, ಹೆಜ್ಜೆ ಹೆಜ್ಜೆಗೂ. ಜಾಡು ಹಿಡಿದು ಹೋದರೆ ಅದು ಕನ್ನಡಿಯ ಮುಂದೆ ನಿಂತು ಮೀಸೆ ತಿದ್ದಿಕೊಳ್ಳುತ್ತಿದ್ದ ಗಂಡನ ಎಡಗಾಲಿಗೆ ಬಂದು ಮುಗಿಯಿತು.

"ರೀ, ಕಾಲು ಎತ್ತಿ."

"ಯಾಕೆ?"

"ಎತ್ತಿ ಅಂದೆ."

ಕಿರುಬೆರಳಿನ ಸಂದಿಯಲ್ಲಿ ಗಾಯ ಬಾಯಿ ಬಿಟ್ಟುಕೊಂಡಿತ್ತು. ಸುತ್ತಲೂ ಊದಿ ಕೆಂಪೇರಿತ್ತು. ಅವನು ಬಗ್ಗಿ ನೋಡಿ, ಬೇರೆ ಯಾರದೋ ಕಾಲು ನೋಡಿದವನಂತೆ "ಹೌದಲ್ಲ" ಎಂದ. "ನೋವೇ ಇಲ್ಲ ಕಣೇ. ನೋವಿಲ್ಲ ಅಂದ್ಮೇಲೆ ಅದೆಂಥ ಗಾಯ?"

ಅವಳು ಅವನನ್ನು ದರದರನೆ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ನರ್ಸ್ ಗಾಯ ತೊಳೆದು ಚಿಮುಟದಲ್ಲಿ ಒಂದು ಗಿಡ್ಡ ಕೂದಲನ್ನು ಹೊರಗೆಳೆದಳು. ಯಾವ ಗಿರಾಕಿಯ ತಲೆಯದೋ ಏನೋ, ಉದುರಿ ಚಪ್ಪಲಿಯೊಳಗೆ ಸೇರಿ ಸೂಜಿಯ ಹಾಗೆ ಚುಚ್ಚಿಕೊಂಡು ಅಲ್ಲೇ ಕೀವು ಕಟ್ಟಿಸಿತ್ತು. ಆಮೇಲೆ ಡಾಕ್ಟರಮ್ಮ ಅವನಿಗೆ ಕಣ್ಣು ಮುಚ್ಚಲು ಹೇಳಿ, ಗಾಳದ ದಾರದಂಥ ಒಂದು ಎಳೆಯಿಂದ ಅಂಗಾಲನ್ನು ಅಲ್ಲಲ್ಲಿ ಒತ್ತಿದರು. ಹಿಮ್ಮಡಿ, ಮಧ್ಯ, ಬೆರಳುಗಳ ಬುಡ, ಎಲ್ಲ ಮುಗಿಯಿತು. ಅವನು ಕಣ್ಣು ಮುಚ್ಚಿಕೊಂಡೇ ಕೇಳಿದ: "ಶುರು ಮಾಡಿ ಡಾಕ್ಟ್ರೇ, ನಾನು ರೆಡಿ."

ಟೀಚರಮ್ಮ ಡಾಕ್ಟರಮ್ಮನ ಮುಖ ನೋಡಿದಳು.

"ನೋವು ಗೊತ್ತಾಗ್ತಿದ್ರೆ ನೀವೇ ಕೂತ್ಕೊಳ್ತಿದ್ರಿ," ಎಂದರು ಡಾಕ್ಟರಮ್ಮ. "ನಿಮ್ಮ ಕಾಲು ಹೇಳಲ್ಲ, ಅದಕ್ಕೇ ನಾನು ಹೇಳ್ತಿದೀನಿ. ಗಾಯ ಮಾಯೋ ತನಕ ಆ ಕಾಲಿನ ಮೇಲೆ ಭಾರ ಬಿಡೋ ಹಾಗಿಲ್ಲ. ಸಕ್ಕರೆ ಹತೋಟಿಗೆ ಬರದಿದ್ರೆ ಯಾವ ಮುಲಾಮೂ ಕೆಲಸ ಮಾಡಲ್ಲ."

ಅವನು ಒಳ್ಳೆಯ ವಿದ್ಯಾರ್ಥಿಯ ಹಾಗೆ ತಲೆಯಾಡಿಸಿದ. ಆ ತಲೆಯಾಟ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೋಮ್‌ವರ್ಕ್ ಮಾಡದ ಹುಡುಗರದ್ದೂ ಅದೇ.

ಮಾರನೇ ದಿನ ಶಾಲೆ ಮುಗಿಸಿಕೊಂಡು ಬರುವಾಗ ನೋಡುತ್ತಾಳೆ, ಸಲೂನಿನ ಶಟರ್ ಎತ್ತಿದೆ. ಒಳಗೆ ಆತ ಒಂಟಿಕಾಲಿನ ಕೊಕ್ಕರೆಯಂತೆ ನಿಂತು ಯಾರದೋ ಗಡ್ಡ ಕೆರೆಯುತ್ತಿದ್ದಾನೆ. ಅದೂ ಅವಳನ್ನು ಕಂಡ ಮೇಲೆ ಎತ್ತಿಕೊಂಡ ಕಾಲು. ಬಿಳಿ ಬ್ಯಾಂಡೇಜಿನ ತುಂಬ ಕೂದಲ ಚೂರು.

"ಒಂದೇ ಒಂದು ಶೇವಿಂಗ್, ಹಳೇ ಗಿರಾಕಿ," ಎಂದ.

ಬೆಂಚಿನ ಮೇಲೆ ಇನ್ನೂ ಹಳೇ ಗಿರಾಕಿಗಳು ಸಾಲಾಗಿ ಕೂತಿದ್ದರು. ಒಬ್ಬೊಬ್ಬರ ಬಾಯಲ್ಲೂ ಒಂದೊಂದು ಔಷಧ. ಒಬ್ಬ ಜೇನುತುಪ್ಪ ಸುರಿಯಿರಿ ಎಂದ, ಇನ್ನೊಬ್ಬ ಬಿಸಿನೀರಲ್ಲಿ ಕಾಲು ಅದ್ದಿ ಎಂದ. ಮೂಲೆಯಲ್ಲಿದ್ದ ಮುದುಕರೊಬ್ಬರು ಕಟ್ಟು ಬಿಚ್ಚಿ ಬಿಸಿಲಿಗೆ ಹಿಡಿದರೆ ತಾನೇ ಒಣಗುತ್ತದೆ ಎಂದು ಅಪ್ಪಣೆ ಕೊಟ್ಟರು. ಟೀಚರಮ್ಮನಿಗೆ ತಲೆ ಚಿಟ್ಟು ಹಿಡಿಯಿತು. ಆದರೂ ಹಲ್ಲು ಕಚ್ಚಿಕೊಂಡು ಮನೆಗೆ ಬಂದಳು. ಅಷ್ಟು ಜನರ ಮುಂದೆ ಗಂಡನನ್ನು ಬೈಯಬಾರದು ಎಂಬ ಒಂದು ಮರ್ಯಾದೆ ಅವಳಲ್ಲಿ ಇನ್ನೂ ಉಳಿದಿತ್ತು.

ಅದು ಉಳಿಯಬಾರದಿತ್ತು. ಗಾಯ ಒಂದು ವಾರ ಕೂಡಿಕೊಂಡಂತೆ ಕಾಣುವುದು, ಮರುವಾರ ಬಾಯಿ ಬಿಡುವುದು. ಅವನು ಕದ್ದು ಕದ್ದು ಅಂಗಡಿ ತೆಗೆಯುವುದು, ಅವಳು ಹುಡುಕಿಕೊಂಡು ಹೋಗುವುದು, ಹೀಗೇ ನಡೆಯಿತು. ಕೊನೆಗೆ ಒಂದು ಮಧ್ಯಾಹ್ನ ಅವನಿಗೆ ಚಳಿಜ್ವರ ಬಂದು ಬೆಂಚಿನ ಮೇಲೆಯೇ ಮಲಗಿಬಿಟ್ಟ. ಗಿರಾಕಿಗಳೇ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತಂದರು. ಕಿರುಬೆರಳು ಕಪ್ಪಾಗಿತ್ತು. ಅದನ್ನು ತೆಗೆಯದಿದ್ದರೆ ಪಾದಕ್ಕೇ ಅಪಾಯ ಎಂದರು ಡಾಕ್ಟರಮ್ಮ. ತೆಗೆದರು.

ಎಚ್ಚರವಾದ ಮೇಲೆ ಅವನು ಹೇಳಿದ ಮೊದಲ ಮಾತು: "ಒಂದು ಉಗುರು ಕತ್ತರಿಸೋ ಕೆಲಸ ಕಮ್ಮಿ ಆಯ್ತು."

ಪಕ್ಕದ ಮಂಚದವನು ನಕ್ಕ. ಅವಳು ನಗಲಿಲ್ಲ. ನೀರಿನ ಲೋಟವನ್ನು ಟೇಬಲ್ಲಿನ ಮೇಲೆ ಇಟ್ಟ ಸದ್ದಿಗೇ ಅವನ ನಗು ಇಂಗಿತು.

"ಭಯ ಆಯ್ತಾ ನಿನಗೆ?" ಎಂದು ಗಂಡ ಮೆತ್ತಗೆ ಕೇಳಿದ.

"ಭಯ ಅಲ್ಲ ರೀ. ಸಾಕಾಗಿದೆ. ನಿಮ್ಮ ಕಾಲು ನಿಮಗೆ ಹೇಳಲ್ಲ, ನಾನು ಹೇಳಿದ್ರೆ ನೀವು ಕೇಳಲ್ಲ. ಇನ್ಯಾರು ಬಂದು ಹೇಳ್ಬೇಕು? ನಿಂತ್ಕೊಂಡೇ ಇರ್ತೀನಿ ಅಂತಿದ್ರೆ ನಿಂತ್ಕೊಳ್ಳಿ. ಆದ್ರೆ ನಾಳೆ ನಿಲ್ಲೋಕೆ ಕಾಲೇ ಇಲ್ಲದೆ ಹೋದ್ರೆ ನನ್ನ ಮುಂದೆ ಜೋಕ್ ಮಾಡ್ಬೇಡಿ."

ಮಾತಿನಮಲ್ಲ ಗೋಡೆಯ ಕಡೆ ತಿರುಗಿಕೊಂಡು, "ಅಂಗಡಿ ಮುಚ್ಚಿದ್ರೆ ನಾನು ಯಾರು ಹೇಳು?" ಎಂದ. ಇಷ್ಟು ದಿನ ಅವನು ಹೇಳದೇ ಇದ್ದದ್ದು ಅದು. ಅವಳ ಸಿಟ್ಟು ಇಳಿಯಲಿಲ್ಲ, ಆದರೆ ದಾರಿ ಬದಲಿಸಿತು.

ಅವಳ ಅಣ್ಣ ವೆಲ್ಡಿಂಗ್ ಕೆಲಸದವನು. ಅವನನ್ನು ಕರೆಸಿ ಗಿರಾಕಿಯ ಕುರ್ಚಿಯ ಬುಡ ಕತ್ತರಿಸಿ ತಗ್ಗಿಸಿದಳು. ಶಾಲೆಯ ಗುಜರಿಯಲ್ಲಿ ಬಿದ್ದಿದ್ದ ಚಕ್ರದ ಕುರ್ಚಿಯನ್ನು ಗಂಡನಿಗೆ ಕೂರಲೆಂದು ಹೆಡ್‌ಮಾಸ್ಟರನ್ನು ಕೇಳಿ ತಂದಳು. "ಕೂತು ಕಟಿಂಗ್ ಮಾಡೋದಾ? ಜನ ನಗ್ತಾರೆ," ಎಂದ ಗಂಡ. "ನಗಲಿ. ತಲೆ ಅಲ್ಲಾಡಿಸದೆ ನಗೋಕೆ ಹೇಳಿ," ಎಂದಳು. ಮೊದಲ ಬಲಿ ಅಣ್ಣನೇ. ಕುರ್ಚಿ ಸರ್ರನೆ ಜಾರಿ, ಕಿವಿಯ ಮೇಲಿನ ಕೂದಲು ಒಂದು ಕಡೆ ಹತ್ತಿ, ಇನ್ನೊಂದು ಕಡೆ ಇಳಿದು, ಪಾಪ, ತಿಂಗಳು ಪೂರ್ತಿ ಟೋಪಿ ಹಾಕಿಕೊಂಡು ಓಡಾಡಿದ. ಕುರ್ಚಿಗೆ ಬ್ರೇಕ್ ಹಾಕಿಸಿದ ಮೇಲೆ ಗಂಡನ ಕೈ ಕುದುರಿತು.

ಇನ್ಸುಲಿನ್ ಚುಚ್ಚಿಕೊಳ್ಳುವುದನ್ನು ಕಲಿತ, ಕಾಲು ಪೂರ್ತಿ ಮುಚ್ಚುವ ಮೆತ್ತನೆಯ ಬೂಟು ಹಾಕಿದ. ಗಿರಾಕಿಗಳಿಗೆ ತಲೆಯ ಹಿಂಭಾಗ ತೋರಿಸುವ ಕೈಗನ್ನಡಿಯನ್ನು ದಿನಾ ಮನೆಗೆ ತಂದು ಅಂಗಾಲಿನ ಕೆಳಗೆ ಹಿಡಿದು ನೋಡಿಕೊಳ್ಳತೊಡಗಿದ. ಅದರಲ್ಲೂ ಗೊಣಗಾಟವಿತ್ತು, ಮರೆವಿತ್ತು, ಜಗಳವಿತ್ತು. ಗಾಯ ಮಾತ್ರ ನಿಧಾನಕ್ಕೆ, ಅಂಚಿನಿಂದ ಒಳಕ್ಕೆ ಕೂಡುತ್ತಾ ಬಂದು ಒಂದು ದಿನ ಪೂರ್ತಿ ಮುಚ್ಚಿಕೊಂಡಿತು.

ಈಗ ಅವಳಿಗೆ ಹೊಸ ತಲೆನೋವು. ಮೊನ್ನೆ ಊಟದ ಡಬ್ಬಿ ಕೊಡಲು ಸಲೂನಿಗೆ ಹೋದರೆ, ಅರ್ಧ ಮುಖಕ್ಕೆ ನೊರೆ ಹಚ್ಚಿಸಿಕೊಂಡ ಗಿರಾಕಿಯೊಬ್ಬ ಸಾಕ್ಸ್ ಬಿಚ್ಚಿ ಕಾಲು ಚಾಚಿ ಕೂತಿದ್ದಾನೆ. ಮಾತಿನಮಲ್ಲ ಅವನ ಬೆರಳು ಸಂದಿಗಳನ್ನು ಇಣುಕಿ ನೋಡುತ್ತಾ ಸಕ್ಕರೆಯ ಬಗ್ಗೆ ಭಾಷಣ ಬಿಗಿಯುತ್ತಿದ್ದಾನೆ. ಕಾಯುವವರ ಸಾಲು ಬಾಗಿಲಾಚೆಗೆ ಬೆಳೆದಿದೆ.

"ರೀ," ಎಂದಳು ಟೀಚರಮ್ಮ, ಡಬ್ಬಿ ಕೆಳಗಿಡುತ್ತಾ, "ಮೊದಲು ಅವರ ಇನ್ನರ್ಧ ಗಡ್ಡ ತೆಗೀರಿ."