ಒಸಿ ಗ್ಯಾಸು
ಮಾಗಡಿ ಬಸ್ ಸ್ಟ್ಯಾಂಡಿನ ಗೋಲಿ ಸೋಡಾ ಅಂಗಡಿಯ ಪುಟ್ಟಮಾದಣ್ಣನ ಪ್ರಕಾರ ಮನುಷ್ಯನಿಗೆ ಬರುವ ಕಾಯಿಲೆ ಒಂದೇ, ಅದು ಗ್ಯಾಸು. ರಿಸಲ್ಟ್ ಕಾಯುವ ಹುಡುಗಿಯ ಎದೆ ಡವಗುಟ್ಟಿದರೆ ಗ್ಯಾಸು, ಮೇಷ್ಟರಿಗೆ ನಿದ್ದೆ ಬಾರದಿದ್ದರೂ ಗ್ಯಾಸು. ಸುಮ್ಮಸುಮ್ಮನೆ ಎಲ್ಲರ ಮೇಲೂ ರೇಗುವ ಕಂಡಕ್ಟರನಿಗಂತೂ ಹಳೇ ಗ್ಯಾಸು. ಎಲ್ಲಕ್ಕೂ ಮದ್ದು ಅವನ ಸೋಡಾ, ಪಾರ್ಸೆಲ್ ಮಾತ್ರ ಕೊಡುವುದಿಲ್ಲ. “ಇಲ್ಲೇ ಕೂತು ಕುಡುದ್ರೇನೆ ಗ್ಯಾಸು ಹೋಗೋದು” ಎಂದು ಬೆಂಚಿನ ಮೇಲೆ ಕೂರಿಸಿ, “ಹೂಂ, ಈಗೇಳು, ಏನಾಯ್ತು” ಎನ್ನುತ್ತಾನೆ. ಬಾಟಲಿ ಖಾಲಿಯಾಗುವಷ್ಟರಲ್ಲಿ ಬಸ್ಸು ತಪ್ಪಿರುತ್ತದೆ, ಎದೆ ಹಗುರಾಗಿರುತ್ತದೆ. ಹೆಂಡತಿ ಮಾಯಮ್ಮನ ತಿಥಿ ಮುಗಿಸಿ ಮತ್ತೆ ಅಂಗಡಿ ತೆರೆದ ದಿನ ಅವನು ಒಂದು ಸೋಡಾ ಒಡೆದು, ಅದನ್ನು ಹಿಡಿದುಕೊಂಡೇ ಈಚೆ ಬಂದು, ನಾವು ಗಿರಾಕಿಗಳು ಕೂರುವ ಬೆಂಚಿನ ಮೇಲೆ ಕೂತ. ಬಸ್ಸಿಗೆ ಕಾಯುತ್ತಿದ್ದ ನನ್ನನ್ನು ನೋಡಿ “ಒಸಿ ಗ್ಯಾಸು ಕಣ್ಲಾ” ಎಂದ. ನನ್ನ ಬಸ್ಸು ಹೊರಟಿತು. ಪಕ್ಕದಲ್ಲಿ ಕೂತು, “ಹೂಂ, ಈಗೇಳಣ್ಣ” ಎಂದೆ.