ನಕ್ಷೆಗೆ ಬೇಕಾದ ಹೆಸರು

ಆದವಾನಿಯ ಹತ್ತಿ ಬಜಾರಿನಲ್ಲಿ ದಲಾಲಿ ಮಾಡುತ್ತಿದ್ದ ಸಿದ್ದಬಸಪ್ಪನಿಗೆ ದೇವರು ಏನು ಕಡಿಮೆ ಮಾಡಿದ್ದ, ಹೇಳಿ? ಹತ್ತಿಯ ಎಳೆಯನ್ನು ಬೆರಳಲ್ಲಿ ಎಳೆದು ನೋಡಿ, ಅದು ಯಾವ ಊರಿನ ಹೊಲದ್ದೆಂದು ಹೇಳುವ ಜಾಣತನ ಕೊಟ್ಟಿದ್ದ. ವೀರಬಸಮ್ಮನಂಥ ಗರತಿ ಹೆಂಡತಿಯನ್ನು ಕೊಟ್ಟಿದ್ದ. ಗುರುಬಸಮ್ಮ ಎಂಬ ಮುದ್ದು ಮಗಳನ್ನು ಕೊಟ್ಟಿದ್ದ. ಇಷ್ಟಕ್ಕೇ ಕೈ ತೊಳೆದುಕೊಳ್ಳದೆ ಒಬ್ಬ ಷಡ್ಡಕನನ್ನೂ ಕೊಟ್ಟುಬಿಟ್ಟ. ಅಲ್ಲಿಗೆ ಸಿದ್ದಬಸಪ್ಪನ ನೆಮ್ಮದಿ ಕೆಟ್ಟಿತು.

ಷಡ್ಡಕನ ಹೆಸರು ಉಚ್ಚೀರಪ್ಪ. ವೀರಬಸಮ್ಮನ ತಂಗಿ ಮಹಾಂತಮ್ಮನ ಗಂಡ. ಬಂಡಿಗಳನ್ನಿಟ್ಟುಕೊಂಡು ಬೀಜ ಬಿಡಿಸುವ ಜಿನ್ನಿಂಗ್ ಕಾರ್ಖಾನೆಗಳಿಗೆ ಹತ್ತಿ ಸಾಗಿಸುತ್ತಿದ್ದ. ಯಾರ ತಂಟೆಗೂ ಹೋಗದ, ಸದಾ ನಗುನಗುತ್ತಿರುವ ಮನುಷ್ಯ. ಸಿದ್ದಬಸಪ್ಪನಿಗೆ ಆ ನಗುವನ್ನು ಕಂಡರೂ ಆಗುತ್ತಿರಲಿಲ್ಲ.

ಹೊಟ್ಟೆಕಿಚ್ಚಿನ ಮೂಲ ಮನೆಯ ಜಾಗದಲ್ಲಿತ್ತು. ರೈಲ್ವೆ ಸ್ಟೇಷನ್ನಿನ ಆಚೆ, ಬರೀ ಜಾಲಿ ಗಿಡಗಳಿದ್ದ ಬಯಲಿನಲ್ಲಿ ಮೊಟ್ಟಮೊದಲು ಮನೆ ಕಟ್ಟಿದವನು ಸಿದ್ದಬಸಪ್ಪ. ಆಗ ಬಜಾರಿನವರೆಲ್ಲ, "ನರಿಗಳ ಜೋಡಿ ಸಂಸಾರ ಮಾಡ್ತೀಯೇನಪಾ?" ಎಂದು ನಕ್ಕಿದ್ದರು. ಆಮೇಲೆ ಆ ದಿಕ್ಕಿಗೇ ಕಾರ್ಖಾನೆಗಳು ಎದ್ದವು. ನಂದವರಂ ಕಡೆಯಿಂದ, ಬೆಳಗಲ್ ಕಡೆಯಿಂದ ಕೂಲಿಯವರು ಬಂದು ಗುಡಿಸಲು ಹಾಕಿದರು. ಆರು ವರ್ಷ ತಡವಾಗಿ ಬಂದ ಉಚ್ಚೀರಪ್ಪ ಎದುರಿಗೇ ಮನೆ ಕಟ್ಟಿದ. ಅದೂ ಒಂದು ಮೊಳ ಎತ್ತರಕ್ಕೆ. ಬಾವಿ ತೋಡಿಸಿದರೆ ಅವನಿಗೆ ಸಿಹಿನೀರು ಬಿತ್ತು. ಸಿದ್ದಬಸಪ್ಪನ ಬಾವಿಯ ನೀರಾದರೋ ಎತ್ತು ಕೂಡ ಮೂಸಿ ನೋಡಿ ಮುಖ ತಿರುಗಿಸುವಷ್ಟು ಸವುಳು.

ಸುತ್ತಲಿನ ಹೆಂಗಸರೆಲ್ಲ ಕೊಡ ಹೊತ್ತು ಉಚ್ಚೀರಪ್ಪನ ಬಾಗಿಲಿಗೆ ಬರತೊಡಗಿದರು. ಸಿದ್ದಬಸಪ್ಪ ಕಟ್ಟೆಯ ಮೇಲೆ ಕೂತು ಕೊಡಗಳನ್ನು ಎಣಿಸಿ ಹಲ್ಲು ಕಡಿಯುತ್ತಿದ್ದ. ಅವನಿಗೊಂದೇ ಸಮಾಧಾನವಿತ್ತು. ಹೊಸ ಓಣಿಗೆ ಮೊದಲು ಮನೆ ಕಟ್ಟಿದವನ ಹೆಸರೇ ನಿಲ್ಲುವುದು ಆ ಊರಿನ ಪದ್ಧತಿ. ನೀರು ಯಾರದಾದರೂ ಇರಲಿ, ಓಣಿ ಮಾತ್ರ ತನ್ನದು.

ಹೀಗಿರುವಾಗ, ಸಾವಿರದ ಒಂಬೈನೂರ ನಲವತ್ತೊಂದರ ಬೇಸಗೆಯಲ್ಲಿ, ಸರ್ವೇಯವರು ಬಂದರು. ಯಾವ ಯಾವ ಊರು ಎಲ್ಲಿಯವರೆಗೆ ಬೆಳೆದಿದೆ, ಹೊಲವಾಗಿದ್ದದ್ದು ಎಲ್ಲಿ ಮನೆಯಾಗಿದೆ ಎಂದು ಸರ್ಕಾರ ಹೊಸದಾಗಿ ಅಳೆಸುತ್ತಿದೆಯೆಂಬ ಸುದ್ದಿ ಬಜಾರಿಗೂ ಬಂತು. ಸಿದ್ದಬಸಪ್ಪ ಕೆಲಸ ಬಿಟ್ಟು ಮುನಸಿಪಾಲ್ಟಿಗೆ ಓಡಿದ. ಅಲ್ಲಿ ಮೇಜಿನ ಮೇಲೆ ಹಳೆಯ ನಕ್ಷೆ ಹರಡಿತ್ತು. ಕೋಟೆ, ಪೇಟೆ, ಸ್ಟೇಷನ್ನು ಎಲ್ಲ ಇತ್ತು. ಸ್ಟೇಷನ್ನಿನ ಆಚೆ ಬರೀ ಬಿಳಿ ಕಾಗದ.

"ಇಲ್ಲಿ ನಮ್ಮ ಮನಿ ಐತ್ರಿ," ಎಂದು ಸಿದ್ದಬಸಪ್ಪ ಆ ಬಿಳಿಯ ಮೇಲೆ ಬೆರಳಿಟ್ಟ.

ಸರ್ವೇಯರ್ ಅನಂತಪುರದ ಕಡೆಯವನು, ತೆಲುಗು ಬೆರೆಸಿ ಕನ್ನಡ ಆಡುವವನು. "ಈ ಸಾರಿ ಬರ್ತದಯ್ಯಾ. ಕಟ್ಟಿದ್ದಕ್ಕೆಲ್ಲ ಕೆಂಪು ಬಣ್ಣ. ಓಣಿಗೆ ಹೆಸರು ಕೂಡ ಬರೀತೀವಿ," ಎಂದ.

"ಬರಕೊಳ್ಳರಿ ಹಂಗಾದ್ರ. ಸಿದ್ದಬಸಪ್ಪನ ಓಣಿ."

ಸರ್ವೇಯರ್ ನಕ್ಕುಬಿಟ್ಟ. "ಮೀ ಪೇರು ಮೀರೇ, ನಿನ್ನ ಹೆಸರು ನೀನೇ ಹೇಳಿದ್ರೆ ಹೆಂಗಯ್ಯಾ? ಓಣ್ಯಾಗಿನ ಬೇರೆಯವರು ಹೇಳಬೇಕು. ಅದು ರೂಲು."

ಅಂದಿನಿಂದ ಸಿದ್ದಬಸಪ್ಪನಿಗೆ ಅನ್ನ ಸೇರಲಿಲ್ಲ. ನೀರಿಗೆ ಬರುವ ಹೆಂಗಸರನ್ನು ಕೇಳಿದರೆ ಅವರು ಯಾರ ಹೆಸರು ಹೇಳುತ್ತಾರೆಂಬುದು ಅವನಿಗೆ ಗೊತ್ತೇ ಇತ್ತು. ಸರ್ವೇಯರ್ ಓಣಿಗೆ ಬಂದಾಗ ಅವನನ್ನು ಯಾರ ಕೈಗೂ ಸಿಗದ ಹಾಗೆ ನೇರವಾಗಿ ತನ್ನ ಮನೆಗೇ ಕರೆದೊಯ್ಯಬೇಕು, ವೀರಬಸಮ್ಮನ ಬಾಯಿಂದಲೇ ಹೇಳಿಸಬೇಕು ಎಂದು ನಿಶ್ಚಯಿಸಿಕೊಂಡ. ಹೆಂಡತಿ ಎಂದರೆ ಬೇರೆಯವರೇ ತಾನೆ? ತನ್ನ ಬುದ್ಧಿಗೆ ತಾನೇ ಮೆಚ್ಚಿದ. ಹೊಟ್ಟೆಕಿಚ್ಚು ತಲೆಗೇರಿದವನಿಗೆ ಮನೆಯ ರೀತಿನೀತಿ ನೆನಪಿಗೆ ಬರುತ್ತದೆಯೇ?

ನಾಲ್ಕನೆಯ ದಿನ ಸರಪಳಿ ಎಳೆಯುವವರು, ಬಾವುಟ ಹಿಡಿದವರು ಓಣಿಗೆ ಬಂದರು. ಸರ್ವೇಯರ್ ನೇರವಾಗಿ ಉಚ್ಚೀರಪ್ಪನ ಬಾಗಿಲ ಮುಂದೆ ನಿಂತ. ಉಚ್ಚೀರಪ್ಪ ಕಾರ್ಖಾನೆಗೆ ಹೋಗಿದ್ದ. ಮಹಾಂತಮ್ಮ ಸೆರಗು ಸರಿಮಾಡಿಕೊಳ್ಳುತ್ತ ಹೊಸ್ತಿಲಿಗೆ ಬಂದಳು.

"ಅಮ್ಮಾ, ಈ ಓಣಿ ಯಾರದು?"

ಅವಳಿನ್ನೂ ಬಾಯಿ ತೆರೆಯುತ್ತಿದ್ದಳು. ಅಷ್ಟರಲ್ಲಿ ಸಿದ್ದಬಸಪ್ಪ ತನ್ನ ಕಟ್ಟೆಯಿಂದ ಜಿಗಿದು ಬಂದ. "ಸಾಹೇಬ್ರ, ಬಿಸಿಲಾಗ ಯಾಕ ನಿಂತೀರಿ? ನಮ್ಮ ಮನ್ಯಾಗ ಮಜ್ಜಿಗಿ ಐತಿ, ಬರ್ರಿ," ಎಂದು ಕೈ ಹಿಡಿದು ಎಳೆದುಕೊಂಡೇ ಹೋದ.

ಮಜ್ಜಿಗೆ ಬಂತು. ಎರಡು ಲೋಟ ಕುಡಿದ ಸರ್ವೇಯರ್ ಪುಸ್ತಕ ತೆರೆದು ವೀರಬಸಮ್ಮನನ್ನು ಕೇಳಿದ. "ಹೇಳಮ್ಮಾ, ಈ ಓಣಿ ಯಾರದು?"

"ನಮ್ಮದರಿ."

"ಎಲ್ಲಾರೂ ನಮ್ಮದೇ ಅಂತಾರೆ. ಹೆಸರು ಬೇಕು."

ವೀರಬಸಮ್ಮ ಗಂಡನ ಕಡೆ ನೋಡಿದಳು. ಸಿದ್ದಬಸಪ್ಪ ಹುಬ್ಬು ಹಾರಿಸಿದ, ಎದೆ ಮುಟ್ಟಿ ತೋರಿಸಿದ. ಕಟ್ಟಿಕೊಂಡ ಗಂಡನ ಹೆಸರನ್ನು ಅವಳು ಮದುವೆಯಲ್ಲಿ ಒಗಟು ಹಾಕಿ ಹೇಳಿದ್ದೇ ಕೊನೆ. ಈಗ ಪರಗಂಡಸಿನೆದುರು, ಗಂಡ ಮುಂದೆಯೇ ನಿಂತಿರುವಾಗ, ಹೇಗೆ ಹೇಳಿಯಾಳು?

"ನಮ್ಮ ಗುರುಬಸಮ್ಮನ ಅಪ್ಪಾರದರಿ," ಎಂದಳು.

"ಅಂದ್ರೆ? ನಕ್ಷೆಯಲ್ಲಿ ಹಂಗೆ ಬರೆಯೋಕಾಗಲ್ಲಮ್ಮಾ. ಬೇಗ ಹೇಳು, ಇನ್ನೂ ಮೂರು ಓಣಿ ಅದಾವೆ."

ಬಡಪಾಯಿ ಬೆವರಿದಳು. ಸರ್ವೇಯರ್ ಪೆನ್ಸಿಲು ಕುಟ್ಟುತ್ತಿದ್ದ, ಗಂಡ ಕಣ್ಣು ಕೆಕ್ಕರಿಸುತ್ತಿದ್ದ. ಇಡೀ ಓಣಿಯಲ್ಲಿ ಅವಳ ನಾಲಿಗೆ ಧೈರ್ಯವಾಗಿ ಎತ್ತಬಹುದಾದ ಯಜಮಾನನ ಹೆಸರು ಒಂದೇ.

"ಉಚ್ಚೀರಪ್ಪನೋರ ಓಣಿರಿ," ಎಂದು ಹೇಳಿ ಒಳಗೆ ಓಡಿದಳು.

ಸರ್ವೇಯರ್ ಬರೆದುಕೊಂಡ. ಸಿದ್ದಬಸಪ್ಪ ಮೈ ಪರಚಿಕೊಂಡ. "ಅಲ್ರಿ ಸಾಹೇಬ್ರ! ಮೊದಲ ಮನಿ ಕಟ್ಟಿದಾಂವ ನಾನು! ಆಕಿ ಗಾಬರಿ ಬಿದ್ದು ಅಂದಾಳ!"

"ಏನಯ್ಯಾ, ನೀನೇ ಕರ್ಕೊಂಡು ಬಂದೆ. ನಿನ್ನ ಹೆಂಡ್ತೀನೇ ಎದುರು ಮನೆಯವರ ಹೆಸರು ಹೇಳಿದ ಮೇಲೆ ಇದಕ್ಕಿಂತ ದೊಡ್ಡ ಸಾಕ್ಷಿ ಎಲ್ಲಿ ತರಲಿ?" ಎಂದು ಸರ್ವೇಯರ್ ಪುಸ್ತಕ ಮುಚ್ಚಿದ.

ಗದ್ದಲ ಕೇಳಿ ಮಹಾಂತಮ್ಮ ಬಂದಿದ್ದಳು. "ನಿಮಗ ಇಷ್ಟು ಅವಸರ ಯಾಕಿತ್ತು ಭಾವಾ?" ಎಂದಳು. "ನಾನರ ನಮ್ಮನಿಯೋರ ಹೆಸರು ಹೇಳಾಕ ಆಗ್ತಿತ್ತೇನು? ನಿಮ್ಮ ಹೆಸರಽ ಹೇಳಬೇಕಂತ ಬಾಯಿ ತೆಗೆದಿದ್ದೆ."

ಸಿದ್ದಬಸಪ್ಪ ಕಟ್ಟೆಯ ಮೇಲೆ ಕುಸಿದು ಕೂತ. ಅಂದು ಸಂಜೆ ಸುದ್ದಿ ಕೇಳಿದ ಉಚ್ಚೀರಪ್ಪ ಬಂದು, "ನಾಳೆ ಹೋಗಿ ನಾನಽ ಬದಲಿ ಮಾಡಸ್ತೀನಿ ಅಣ್ಣಾ," ಎಂದ. ಷಡ್ಡಕನ ಉಪಕಾರದಿಂದ ಹೆಸರು ಪಡೆಯುವುದೇ? ಅದನ್ನು ನೆನೆದೇ ಸಿದ್ದಬಸಪ್ಪನ ಹೊಟ್ಟೆ ಇನ್ನಷ್ಟು ಉರಿಯಿತು. "ಬ್ಯಾಡ," ಎಂದುಬಿಟ್ಟ. ನಕ್ಷೆ ಹಾಗೆಯೇ ಅಚ್ಚಾಯಿತು.

ಐದು ವರ್ಷದ ಮೇಲೆ ಗುರುಬಸಮ್ಮನ ಲಗ್ನ ಗೊತ್ತಾಯಿತು. ಬೀಗರು ರಾಯಚೂರಿನವರು, ಆದವಾನಿಗೆ ಹೊಸಬರು. ಲಗ್ನಪತ್ರಿಕೆ ಮಾಡಿಸಲು ಸಿದ್ದಬಸಪ್ಪ ಪ್ರೆಸ್ಸಿಗೆ ಹೋದ. ಅಚ್ಚುಮೊಳೆ ಜೋಡಿಸುವವನು ಎಲ್ಲ ಬರೆದುಕೊಂಡು, "ಮನಿ ಯಾವ ಓಣಿರಿ?" ಎಂದು ಕೇಳಿದ.

ಸಿದ್ದಬಸಪ್ಪ ಗೋಡೆ ನೋಡಿದ, ಚಪ್ಪಲಿ ನೋಡಿಕೊಂಡ. "ಸ್ಟೇಷನ್ ಆಚಿ ಅಂತ ಹಾಕ್ರಿ, ಸಾಕು."

"ಸ್ಟೇಷನ್ ಆಚಿ ಈಗ ಅರ್ಧ ಊರು ಐತ್ರಿ. ದಿಬ್ಬಣ ಎಲ್ಲಿ ಅಂತ ಹುಡುಕಬೇಕು?"

ಸಿದ್ದಬಸಪ್ಪ ಆ ಹೆಸರು ಹೇಳಿದ. ಹೇಳಿದ ಮೇಲೆ, "ನನ್ನ ಹೆಸರು ದೊಡ್ಡ ಅಕ್ಷರದಾಗ ಇರಲಿ," ಎಂದ.

"ಬ್ಯಾಡ್ರಿ ಯಜಮಾನ್ರ, ಓಣಿ ಹೆಸರು ದೊಡ್ಡದಿರಲಿ. ನಿಮ್ಮನ್ನ ಯಾರು ಕೇಳಿಕೊಂಡು ಬರ್ತಾರ?"

ಮಗಳ ಲಗ್ನ. ಸಿದ್ದಬಸಪ್ಪ ಹೂಂ ಎಂದ.